ಮಗ್ಗದ ಮನೆಯ ಕಿವಿಮಾತು

ಒಂದು ಕಾಲಕ್ಕೆ ಇಳಕಲ್ಲಿನಲ್ಲಿ ನೇಕಾರರ ಓಣಿ ಎಲ್ಲಿದೆ ಎಂದು ಯಾರನ್ನೂ ಕೇಳಬೇಕಿರಲಿಲ್ಲ. ಕಿವಿಯೇ ಕರೆದುಕೊಂಡು ಹೋಗುತ್ತಿತ್ತು. ಲಾಳಿ ಓಡುವ ಸಪ್ಪಳ, ಹಲಗೆ ಬಡಿಯುವ ಸಪ್ಪಳ, ಅವೆರಡರ ಮೇಲೆ ಯಾರದೋ ಮನೆಯ ರೇಡಿಯೋ. ಹುನಗುಂದದಿಂದ ಅವ್ವನ ಕೈಹಿಡಿದು ಸೀರೆಗೆಂದು ಬರುತ್ತಿದ್ದ ನನಗೆ ಆ ಊರು ಇಂದಿಗೂ ಮೊದಲು ಸಪ್ಪಳವಾಗಿ ನೆನಪಾಗುತ್ತದೆ, ಆಮೇಲೆ ಬಣ್ಣವಾಗಿ.

ಮೊನ್ನೆ ಹೋದ ಮನೆಯಲ್ಲಿ ಎರಡು ಕುಣಿಮಗ್ಗ ಇದ್ದವು. ಒಂದರಲ್ಲಿ ಎಪ್ಪತ್ತು ದಾಟಿದ ಹಿರಿಯರು ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತಿದ್ದರು. ಅವರ ಎಡಕ್ಕಿದ್ದ ಮಗ್ಗದಲ್ಲಿ ಡಿಗ್ರಿ ಮುಗಿಸಿದ ಮೊಮ್ಮಗಳು. ಅವಳ ಕೊರಳ ಸುತ್ತ ಕರಿ ಪಟ್ಟಿಯಂಥ ನೆಕ್‌ಬ್ಯಾಂಡ್. ಅದರ ಒಂದು ತುದಿ ಬಲಗಿವಿಯೊಳಗೆ, ಇನ್ನೊಂದು ಎದೆಯ ಮೇಲೆ ಸುಮ್ಮನೆ ತೂಗುತ್ತಿತ್ತು. ಫೋನು ದೂರದ ಗೂಡಿನಲ್ಲಿತ್ತು. ಎದುರಿನ ಗೋಡೆಗೆ ಒರಗಿದ್ದ ನನಗೆ ಎರಡೂ ತುದಿ ಕಾಣುತ್ತಿದ್ದವು, ಮುತ್ಯಾನಿಗೆ ಅವಳ ಬಲಗಿವಿ ಮಾತ್ರ.

ಲಾಳಿಯ ಕಂಡಿಕೆ ಬದಲಿಸುವ ಬಿಡುವಿನಲ್ಲಿ ಮಾತು ಶುರುವಾಯಿತು.

ಮುತ್ಯಾ: ಒಂದು ಮಾತು ಅಂತೀನಿ, ಸಿಟ್ಟಿಗೇಳಬ್ಯಾಡ. ನಸುಕಿನಾಗ ಮಗ್ಗಕ್ಕ ಕುಂತಾಗಿಂದ ಅದು ನಿನ್ನ ಕಿವ್ಯಾಗ ಐತಿ. ನಾಕು ಮೊಳದಾಗ ಕುಂತೀನಿ, ನೀ ಏನು ಕೇಳಾಕತ್ತಿ ಅಂತ ನನಗ ಗೊತ್ತಿಲ್ಲ.

ಮೊಮ್ಮಗಳು: ಗೊತ್ತಾಗಬೇಕಂದ್ರ ಕೇಳು ಮುತ್ಯಾ. ಹೇಳೂದಿಲ್ಲ ಅಂದೀನೇನು?

ಮುತ್ಯಾ: ಅದ ನೋಡು ನನ್ನ ಸಂಕಟ. ಹಾಡಿಗೂ ಕೇಳೂದು ಅಂತೀವಿ, ಪ್ರಶ್ನೆಗೂ ಕೇಳೂದು ಅಂತೀವಿ. ಮೊದಲ ಬಾಯಿ ತೆರೀಲಾರದ ಕೇಳ್ತಿತ್ತು. ಈಗ ಮನಿ ಮಂದಿ ಹಾಡನ್ನೂ ಬಾಯಿಬಿಟ್ಟು ಕೇಳಿ ತಿಳ್ಕೊಬೇಕಾತು. ನಮ್ಮಪ್ಪ ರೇಡಿಯೋ ತಂದಾಗ ನಾ ಸಾಲಿ ಹುಡುಗ. ಧಾರವಾಡ ಸ್ಟೇಶನ್ನು ನಾ ಹುಟ್ಟೂ ಮೊದಲ, 1950ರಾಗ ಸುರುವಾಗಿತ್ತು. ರೇಡಿಯೋಕ್ಕ ಆಗ ಲೈಸೆನ್ಸು, ವರ್ಷಾ ಪೋಸ್ಟಿನ್ಯಾಗ ರೊಕ್ಕ ತುಂಬಬೇಕು. ಅದಕ ಓಣಿಗೆಲ್ಲ ಒಂದ ರೇಡಿಯೋ. ಸಂಜಿಮುಂದ ಹಚ್ಚಿದ್ರ ಆ ಕಡಿ ನಾಕು ಮನಿ, ಈ ಕಡಿ ನಾಕು ಮನಿ ಮಗ್ಗ ಅದರ ಕೂಡ ನಡೀತಿದ್ವು. ಮಲ್ಲಿಕಾರ್ಜುನ ಮನ್ಸೂರರು ಹಾಡಾಕ ಹತ್ತಿದ್ರ ನಮ್ಮ ಲಾಳಿ ತಾವ ಸಾವಕಾಶ ಆಗ್ತಿದ್ವು.

ಮೊಮ್ಮಗಳು: ಆ ರೇಡಿಯೋದ ಕಿವಿ ಯಾರ ಕೈಯಾಗಿತ್ತು?

ಮುತ್ಯಾ: ನಮ್ಮಪ್ಪನ ಕೈಯಾಗ. ಆಮ್ಯಾಲ ನನ್ನ ಕೈಯಾಗ.

ಮೊಮ್ಮಗಳು: ಅಜ್ಜಿ ಕೈಯಾಗ?

ಮುತ್ಯಾ ಉತ್ತರ ಕೊಡಲಿಲ್ಲ. ಕಡಿದಿದ್ದ ಒಂದು ಎಳೆಯನ್ನು ಹುಡುಕಿ, ಬೆರಳಿಗೆ ಎಂಜಲು ಹಚ್ಚಿ, ಹೊಸೆದು ಕೂಡಿಸಿದರು.

ಮೊಮ್ಮಗಳು: ತಪ್ಪು ಹುಡಕಾಕ ಹೇಳವಲ್ಲೆ. ನಮ್ಮವ್ವ ಈ ಮನಿಗೆ ನಡೀಲಿಕ್ಕೆ ಬಂದು ಇಪ್ಪತ್ತಾರು ವರ್ಷ ಆತು. ಆಕೀಗೆ ಯಾವ ಹಾಡು ಸೇರತಾವ, ನಿನಗ ಗೊತ್ತೈತೇನು?

ಮುತ್ಯಾ: ವಚನ ಹಚ್ಚಿದ್ರ ಕೇಳ್ತಾಳ.

ಮೊಮ್ಮಗಳು: ನೀ ಹಚ್ಚಿದ್ರ ಕೇಳ್ತಾಳ. ಆಕೀಗೆ ಸೇರೂದು ಎಸ್. ಜಾನಕಿ ಹಳೇ ಸಿನಿಮಾ ಹಾಡು. ಹ್ವಾದ ವರ್ಷ ನಾ ಇಂಥಾದ್ದ ಒಂದು ತಂದುಕೊಟ್ಟೆ. ರೊಟ್ಟಿ ಬಡಿಯೂವಾಗ ಕೊರಳಿಗೆ ಹಾಕ್ಕೊಂಡು ಕುಂದರ್ತಾಳ. ಒಂದಿನ ಬಡಿಯೂದು ಬಿಟ್ಟು ಸುಮ್ನ ಕುಂತಿದ್ಲು, ಹಂಚು ಕಾದು ಹೊಗಿ ಬರಾಕತ್ತಿತ್ತು. ಯಾಕವ್ವಾ ಅಂದ್ರ, ‘ಈ ಹಾಡು ಕಡೀತನ ಕೇಳಿದ್ದು ಇದ ಮೊದಲು’ ಅಂದ್ಲು. ಮೊದಲೆಲ್ಲ ಅರ್ಧಕ್ಕ ಯಾರರ ಸ್ಟೇಶನ್ನು ತಿರುವಿಬಿಡ್ತಿದ್ರಂತ.

ಮುತ್ಯಾ: ನೀ ಹೇಳೂ ರೀತಿ ನೋಡಿದ್ರ ಆಗಿನ ಹೆಣ್ಮಕ್ಕಳೆಲ್ಲ ಬಾಯಿ ಕಟ್ಟಿಸಿಕೊಂಡು ಕುಂತಿದ್ರು ಅನ್ನೂವಂಗೈತಿ. ನಿಮ್ಮಜ್ಜಿ ನಸುಕಿನಾಗ ಬೀಸಾಕ ಕುಂತ್ರ ಇಡೀ ಓಣಿಗೆ ಕೇಳ್ತಿತ್ತು. ತವರುಮನಿ ಮ್ಯಾಲ ಹಾಡೋಳು, ಬನಶಂಕರಿ ಮ್ಯಾಲ ಹಾಡೋಳು, ನಮ್ಮವ್ವನ ಮ್ಯಾಲಿನ ಸಿಟ್ಟನ್ನೂ ಹಾಡಿನಾಗ ಸೇರಿಸಿಬಿಡೋಳು. ಹಾಸಿಗ್ಯಾಗ ಮಲಗಿ ನಾ ಎಲ್ಲಾ ಕೇಳ್ತಿದ್ದೆ. ನಮ್ಮವ್ವನೂ ಕೇಳ್ತಿದ್ಲು. ಎದುರಾ ಎದುರು ಅನ್ನಾಕ ಆಗಲಾರದ್ದು ಹಾಡಿನಾಗ ನಡೀತಿತ್ತು. ಅದು ಕೇಳವ್ರಿದ್ರು ಅಂತ ನಡೀತು. ಕಿವ್ಯಾಗ ಹಾಕ್ಕೊಂಡು ಕುಂತ್ರ ಅತ್ತಿಗೆ ಯಾವ ಮಾತು ಮುಟ್ಟತೈತಿ?

ಮೊಮ್ಮಗಳು: ಬೀಸೂ ಪದ ನಿಂತದ್ದು ನನ್ನ ಹೆಡ್‌ಫೋನಿನಿಂದ ಅಲ್ಲ ಮುತ್ಯಾ. ಹಿಟ್ಟಿನ ಗಿರಣಿ ಬಂತು, ನಿಂತ್ವು.

ಮುತ್ಯಾ: ಹೌದು, ಗಿರಣಿ ಬಂದು ನಿಂತ್ವು. ಬಂದ ದಿನ ಯಾರೂ ಅಳಲಿಲ್ಲ, ರಟ್ಟಿಗೆ ಆರಾಮಾತು ಅಂದ್ರು. ನಾನೂ ಅಂದೆ. ಹತ್ತು ಹದಿನೈದು ವರ್ಷ ಆದ ಮ್ಯಾಲ ಒಂದು ಮದುವ್ಯಾಗ ಹಾಡು ಅಂದ್ರ ನಿಮ್ಮಜ್ಜಿಗೆ ಎರಡನೇ ನುಡಿ ನೆಪ್ಪಾಗಲಿಲ್ಲ. ಬೀಸೂ ಕಲ್ಲಿನ ಸಂಗಾಟ ಹಾಡೂ ಹೋಗಿತ್ತು. ನಮಗ ಸುದ್ದಿ ಮುಟ್ಟಿದ್ದು ಆವಾಗ. ಅದಕ ಅಂತೀನಿ, ಈಗ ಏನು ಹೊಂಟೈತಿ ಅಂತ ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಮೊಮ್ಮಗಳು: ಅಜ್ಜೀನ ಕೇಳೋಣು, ಕಲ್ಲು ತಿರುಗಿ ತರೋಣೇನು ಅಂತ? ಆಕಿ ಅಂಗೈ ನೋಡಿಯಿಲ್ಲ? ಆ ಗಂಟು ಇನ್ನೂ ಕರಗಿಲ್ಲ.

ಈ ಮಾತಿಗೆ ಮುತ್ಯಾ ತಲೆಯಾಡಿಸಿದರು, ಒಪ್ಪಿಗೆಯೋ ದಣಿವೋ ತಿಳಿಯಲಿಲ್ಲ. ಗಿರಣಿಯ ಮಾತು ಮಾತ್ರ ನನ್ನನ್ನು ಬಿಟ್ಟು ಹೋಗಲಿಲ್ಲ. ಜನಪದ ಗೀತೆಗಳನ್ನು ಸಂಗ್ರಹಿಸಿದವರೆಲ್ಲ ಕಲ್ಲಿನ ಸುತ್ತ ಕೂತು ಬರೆದುಕೊಂಡರು. ಕಲ್ಲು ನಿಂತ ಮನೆಗಳಲ್ಲಿ ಆಮೇಲೆ ಹೆಂಗಸರು ಏನು ಹಾಡಿಕೊಂಡರು ಎಂದು ಕೇಳಿದವರು ಕಡಿಮೆ.

ಮುತ್ಯಾ: ಹೋಗಲಿ ಬಿಡು. ಕೆಲಸದ ಮಾತಿಗೆ ಬರ್ತೀನಿ. ನೇಕಾರಗ ಕಿವಿ ಅಂದ್ರ ಒಂದು ಹತ್ಯಾರ. ಲಾಳಿ ಪೆಟಿಗಿಯೊಳಗ ಸರಿ ಕುಂತ್ರ ಒಂದು ಸಪ್ಪಳ, ತುಸು ಹೊರಗ ಉಳದ್ರ ಇನ್ನೊಂದು ಸಪ್ಪಳ. ಕಂಡಿಕಿ ಮುಗಿಯಾಕ ಬಂದ್ರ ಲಾಳಿ ಹಗುರಾಗತೈತಿ, ಸಪ್ಪಳನೂ ಹಗುರಾಗತೈತಿ. ಒಡಲಿಂದು ಬ್ಯಾರೆ ಲಾಳಿ, ಅಂಚಿಂದು ಬ್ಯಾರೆ ಲಾಳಿ. ಕಣ್ಣು ಅಂಚಿನ ಮ್ಯಾಲ ಇದ್ದಾಗ ಒಡಲಿನ ಸುದ್ದಿ ಹೇಳೂದು ಕಿವಿ. ನಮ್ಮಪ್ಪ ಆ ಕೋಣ್ಯಾಗ ಉಣಕೋತ ಕುಂತು, ‘ಎಳಿ ಕಡೀತು ನೋಡಲೇ’ ಅಂತ ಒದರ್ತಿದ್ದ. ನಾ ಬಗ್ಗಿ ನೋಡಿದ್ರ ಕಡದಿರ್ತಿತ್ತು.

ಮೊಮ್ಮಗಳು: ನನಗ ಕಾಲಿಗೆ ಗೊತ್ತಾಗತೈತಿ, ಕೈಗೆ ಗೊತ್ತಾಗತೈತಿ. ಹಾಡು ಹಚ್ಚಿಕೊಂಡು ನೇದ ಸೀರ್ಯಾಗ ಒಂದು ತಪ್ಪು ತೋರಿಸು ನೋಡೋಣು.

ಗೂಟಕ್ಕಿದ್ದ ಸೀರೆಯನ್ನು ಅವಳು ನನ್ನ ಮುಂದೆ ಚೆಲ್ಲಿದಳು. ನಾನು ಪಾರಖಿ ಅಲ್ಲ. ಆದರೂ ಟೋಪಿ ತೆನಿ ಸೆರಗಿನ ಬಿಳಿ ಹಲ್ಲುಗಳು ಕೆಂಪಿನ ಮೇಲೆ ಒಂದರಂತೆ ಒಂದು ಕೂತಿದ್ದವು. ಒಡಲಿಗೂ ಸೆರಗಿಗೂ ಕೊಂಡಿ ಹಾಕಿದ ಜಾಗದಲ್ಲಿ ಬೆರಳಾಡಿಸಿದರೆ ಸಣ್ಣ ತೊಡಕೂ ಸಿಗಲಿಲ್ಲ. ಮುತ್ಯಾನೂ ಕಣ್ಣು ಕಿರಿದು ಮಾಡಿ ನೋಡಿದರು, ಏನೂ ಹೇಳಲಿಲ್ಲ.

ಮೊಮ್ಮಗಳು: ಒಂದು ಸೀರಿಗೆ ಮೂರ್ನಾಕು ದಿನ. ಸೆರಗು ಹೆಚ್ಚಿದ್ರ ವಾರ. ತುಳಿ, ಎಳಿ, ಬಡಿ, ತುಳಿ, ಎಳಿ, ಬಡಿ. ನನ್ನ ಜೋಡಿ ಓದಿದವ್ರು ಬೆಂಗಳೂರಾಗ ಅದಾರ, ನವನಗರದ ಆಫೀಸಿನ್ಯಾಗ ಅದಾರ. ನಾ ಕುಣಿಗೆ ಇಳದೀನಿ. ಹಾಡಿಲ್ಲಂದ್ರ ಈ ಕುಣಿ ಎಷ್ಟು ಆಳ ಐತಿ ಅಂತ ನಿನಗ ಹೆಂಗ ಹೇಳಲಿ.

ಸ್ವಲ್ಪ ಹೊತ್ತು ಎರಡೂ ಮಗ್ಗ ನಡೆದವು. ಹೊರಗೆ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಒಂದು ಹಾದುಹೋಯಿತು. ಎಂಜಿನ್ನಿಗಿಂತ ಸ್ಪೀಕರೇ ಜೋರು. ಗೂಡಿನ ಹಿತ್ತಾಳೆ ತಟ್ಟೆ ಝಂಯ್ ಎಂದಿತು.

ಮೊಮ್ಮಗಳು: ಇದನ್ನ ಕೇಳಿಲ್ಲೋ? ನೀ ಅನ್ನೂವಂಗ ಎಲ್ಲಾರಿಗೂ ಕೇಳೂ ಹಾಡು ಇದು. ಯಾರನ್ನೂ ಕೇಳಲಿಲ್ಲ, ಎಲ್ಲಾರ ಕಿವ್ಯಾಗ ಸುರುವಿ ಹ್ವಾದ. ಬಸ್ಸಿನ್ಯಾಗೂ ಇದ ಹಣೇಬಾರ. ಒಬ್ಬಾಂವ ಡಿಜೆ ಜಾನಪದ, ಹಿಂದಿನ ಸೀಟಿನಾಂವ ರೀಲ್ಸು, ನಡುಕ ಕೂಸು ಅಳಾಕತ್ತಿರತೈತಿ. 2021ರಾಗ ಹೈಕೋರ್ಟು ಹೇಳಿದ ಮ್ಯಾಲ ಬಸ್ಸಿನ್ಯಾಗ ಫೋನಿನ ಸ್ಪೀಕರ್ ಹಚ್ಚಬಾರದು ಅಂತ ಕೆಎಸ್‌ಆರ್‌ಟಿಸಿ ಹುಕುಂ ತಗೀತು. ತನ್ನ ಹಾಡನ್ನ ತನ್ನ ಕಿವಿಯೊಳಗ ಇಟ್ಕೊಳ್ಳೂದೂ ಒಂದು ಮರ್ಯಾದಿ ಮುತ್ಯಾ.

ಮುತ್ಯಾ: ಟ್ರ್ಯಾಕ್ಟರಿನಾಂವ ಮಾಡೂದು ಸೊಕ್ಕು. ಅದಕ್ಕೂ ನಾಕು ಮಂದಿ ಕೂಡಿ ಕೇಳೂದಕ್ಕೂ ಸಂಬಂಧ ಇಲ್ಲ. ಬನದ ಹುಣ್ಣಿಮಿಗೆ ಬಾದಾಮಿ ಬನಶಂಕರಿ ಜಾತ್ರಿಗೆ ಬಂಡಿ ಕಟಗೊಂಡು ಹೋಗ್ತಿದ್ವಿ. ನಾಟಕ ಕಂಪನಿಗೋಳು ಒಂದರ ಮಗ್ಗಲಿಗೆ ಒಂದು ಡೇರೆ ಹೊಡದಿರ್ತಿದ್ವು. ನಮ್ಮ ಕಂದಗಲ್ಲ ಹನಮಂತರಾಯರ ‘ರಕ್ತರಾತ್ರಿ’ ಆಡಿದ್ರ ಶಕುನಿ ಮಾತು ಕಡೀ ಸಾಲಿನವನ ಎದಿಗೂ ಬಂದು ನೆಡೂದು. ಮಂದಿ ಒಮ್ಮೆಲೆ ಉಸಿರು ಹಿಡಿಯೂದನ್ನ ಕೇಳೀದಿ ಏನು? ಸಾವಿರ ಮಂದಿ ಉಸಿರು ಹಿಡದ್ರ ಅದಕ್ಕೂ ಒಂದು ಸಪ್ಪಳ ಐತಿ. ಅದು ನಿನ್ನ ಫೋನಿನಾಗ ತುಂಬೂದಿಲ್ಲ. ಬಾಗಲಕೋಟಿ ಹೋಳಿ ಹಲಗಿ ತಗೋ. ಹಲಗಿ ಕಿವಿಗೆ ಬಡದ್ರ ಏನು ಬಂತು? ಎದಿಗೆ ಬಡೀಬೇಕು.

ಮೊಮ್ಮಗಳು: ಹಲಗಿ ಮಾತು ಖರೆ. ಅದನ್ನ ನಾ ಇದರಾಗ ಕೇಳೂದ ಇಲ್ಲ. ಹೋಳಿಗೆ ಬಾಗಲಕೋಟಿಗೇ ಹೋಗ್ತೀನಿ.

ಮುತ್ಯಾ: ಹಂಗಾದ್ರ ಇದರಾಗ ಏನು ಕೇಳ್ತಿ?

ಕೊನೆಗೂ ಅವರು ಕೇಳಿದ್ದರು. ಅವಳು ಎದ್ದು ಬಂದು ನೆಕ್‌ಬ್ಯಾಂಡನ್ನು ಅವರ ಕೊರಳಿಗೆ ಹಾಕಿ ಎರಡೂ ತುದಿಗಳನ್ನು ಕಿವಿಗಿಟ್ಟಳು. ಗೂಡಿನ ಫೋನು ತಂದು, ಬೀಳಗಿಯ ಅಮೀರಬಾಯಿ ಕರ್ನಾಟಕಿ 1943ರ ‘ಕಿಸ್ಮತ್’ ಚಿತ್ರಕ್ಕೆ ಹಾಡಿದ ಒಂದು ಹಾಡನ್ನು ಹಚ್ಚಿದಳು. ಮುತ್ಯಾ ಕಣ್ಣು ಮುಚ್ಚಿದರು. ಅವರ ತಂದೆಯ ಕಾಲದಲ್ಲಿ ಗ್ರಾಮೋಫೋನಿನಿಂದ ಹೊರಬರುತ್ತಿದ್ದ ದನಿ ಅದು. ಬಾಗಲಕೋಟೆ ಜಿಲ್ಲೆ ಬೇರೆಯಾಗುವ 1997ಕ್ಕೂ ಎಷ್ಟೋ ಮೊದಲು, ಬೀಳಗಿಯಂಥ ಸಣ್ಣ ಊರಿಂದ ಹೋದ ಅಕ್ಕತಂಗಿಯರು ಮುಂಬಯಿಯಲ್ಲಿ ಹೆಸರು ಮಾಡಿದ್ದನ್ನು ಈ ಕಡೆಯವರು ಇಂದಿಗೂ ತಮ್ಮ ಮನೆಯ ಮಾತಿನಂತೆ ಹೇಳುತ್ತಾರೆ.

ಮುತ್ಯಾ (ಎಂದಿಗಿಂತ ಎತ್ತರದ ದನಿಯಲ್ಲಿ): ಇದು ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ! ನೆತ್ತಿಯೊಳಗ ಕುಂತು ಹಾಡಾಕತ್ತಾಳ!

ಮೊಮ್ಮಗಳು: ಆಗಿನ ರೆಕಾರ್ಡಿನಾಗ ಎರಡು ಕಿವಿಗೂ ಒಂದ ಹಾಡು. ಅದಕ ನಡುಕ ಕೇಳತೈತಿ. ಈಗ ಇದನ್ನ ಕೇಳು.

ಅವಳು ಇತ್ತೀಚಿನ ಒಂದು ತತ್ವಪದ ಹಚ್ಚಿದಳು. ಮುತ್ಯಾ ಮೊದಲು ಬಲಕ್ಕೆ ತಿರುಗಿದರು, ಆಮೇಲೆ ಎಡಕ್ಕೆ. ತಬಲಾ ಒಂದು ಕಡೆ, ಹಾರ್ಮೋನಿಯಂ ಇನ್ನೊಂದು ಕಡೆ, ನಡುವೆ ಹಾಡುವವನು. ಭಜನಿ ಮೇಳದ ಮಧ್ಯೆ ಕೂತವರ ಹಾಗೆ ಅವರ ತಲೆ ತೂಗತೊಡಗಿತು. ಪೂರ್ತಿ ಕೇಳಿದ ಮೇಲೆ ತಾವೇ ತೆಗೆದರು.

ಮುತ್ಯಾ: ತಂತಿ ಇಲ್ಲದ ಇಷ್ಟೆಲ್ಲಾ ಹೆಂಗ ಬರತೈತಿ?

ಮೊಮ್ಮಗಳು: ಇದೂ ಸಣ್ಣ ರೇಡಿಯೋನ ಮುತ್ಯಾ. ಫೋನು ಒಂದು ಸ್ಟೇಶನ್ನು, ಇದು ಅದನ್ನ ಹಿಡಿಯೂ ರೇಡಿಯೋ. ಧಾರವಾಡದ್ದು ಊರೂರಿಗೆ ಹೋಗತೈತಿ, ಇದು ಹತ್ತಿಪ್ಪತ್ತು ಹೆಜ್ಜಿಗೆ ಮುಗೀತೈತಿ. ಬ್ಲೂಟೂತ್ ಅಂತಾರ. ಮನಿತುಂಬ ಇಂಥಾವು ಇದ್ರೂ ಒಂದರ ಹಾಡು ಒಂದಕ್ಕ ಕೂಡಬಾರದಲ್ಲ, ಅದಕ ಒಂದು ಜಾಗಾದಾಗ ನಿಂದರೂದಿಲ್ಲ. ಎಪ್ಪತ್ತೊಂಬತ್ತು ಹಾದಿ ಅದಾವ, ಸೆಕೆಂಡಿಗೆ 1,600 ಸಲ ಹಾದಿ ಬದಲಿ ಮಾಡತೈತಿ. ಮುಂದ ಯಾವ ಹಾದಿ ಅನ್ನೂದು ಜೋಡಿಯಾದ ಎರಡಕ್ಕ ಅಷ್ಟ ಗೊತ್ತಿರತೈತಿ. ಅಪ್ಪನ ಕಡೆ ಮೊದಲ ಒಂದ ಕಿವಿದು ಇತ್ತು ನೋಡು, ಅದು ಬರೇ ಮಾತಾಡಾಕ. ಎರಡು ಕಿವಿಗೂ ಹಾಡು ಕಳಸೂ ಪದ್ಧತಿ ಆಮ್ಯಾಲ ಬಂತು. ಹಾಡನ್ನ ಒತ್ತಿ ಸಣ್ಣದು ಮಾಡಿ ಕಳಸತೈತಿ, ಇಲ್ಲಿ ಬಂದು ಬಿಚ್ಚಿಕೋತೈತಿ.

ಮುತ್ಯಾ: ಒತ್ತಿದ್ದು ಪೂರ್ತಿ ಬಿಚ್ಚಿಕೋತೈತೇನು?

ಮೊಮ್ಮಗಳು: ಇಲ್ಲ. ಒಂದೀಟು ಹೋಗತೈತಿ. ಫೋನಿನಾಗ ತುಂಬೂವಾಗ ಒಮ್ಮೆ ಒತ್ತಿರ್ತಾರ, ಗಾಳ್ಯಾಗ ಕಳಸೂವಾಗ ಇನ್ನೊಮ್ಮೆ. ನಮ್ಮ ಕಿವಿಗೆ ಅಷ್ಟು ತಿಳಿಯೂದಿಲ್ಲ ಅಂತಾರ.

ಮುತ್ಯಾ: ಹಿಂಡಿದ ಅರಿವಿ ಮತ್ತ ಹಿಂಡಿದಂಗಾತು. ಇರಲಿ, ಹಾಡು ಚಲೋ ಇತ್ತು. ಸುಳ್ಳು ಹೇಳಾಕ ಬರೂದಿಲ್ಲ. ಆದ್ರ ಒಂದು ತಿಳಕೋ. ಗದಗಿನ ಪುಣ್ಯಾಶ್ರಮದಾಗ ಪಂಚಾಕ್ಷರಿ ಗವಾಯಿಗಳು, ಅವರ ಹಿಂದ ಪುಟ್ಟರಾಜರು, ಕಣ್ಣಿಲ್ಲದ ಹುಡುಗರಿಗೆ ಕಿವಿಯಿಂದನ ಎಲ್ಲಾ ಕಲಿಸಿದ್ರು. ಹುಡುಗ ಗುರುವಿನ ಕೇಳ್ತಾನ, ಖರೆ. ಗುರುನೂ ಹುಡುಗನ ಕೇಳ್ತಾನ. ಸ್ವರ ಕೂದಲೆಳಿಯಷ್ಟು ಇಳದ್ರ ಕೈ ಎತ್ತತಾನ. ನಿನ್ನ ಫೋನು ಚಂದ ಹಾಡತೈತಿ, ಆದ್ರ ಅದು ನಿನ್ನನ್ನ ಕೇಳೂದಿಲ್ಲ. ಈಗ ನಾ ಹಾಕ್ಕೊಂಡಾಗ ನನ್ನ ದನಿ ನನಗ ಸರಿ ಕೇಳಲಿಲ್ಲ. ಒದರಿದೆನೇನು?

ಮೊಮ್ಮಗಳು: ಒದರಿದಿ.

ಮುತ್ಯಾ: ನೋಡು ಮತ್ತ. ಅಮಾಸಿ ಭಜನಿಗೆ ಹದಿನೆಂಟು ಮಂದಿ ಇದ್ವಿ, ಈಗ ಆರು. ನಾ ಒಂದು ನುಡಿ ಎತ್ತಿಕೊಟ್ರ ತಿರುಗಿ ಹಾಡಾಕ ದನಿ ಸಾಲೂದಿಲ್ಲ. ಹುಡುಗರು ಗುಡಿ ಕಟ್ಟಿಗೆ ಕುಂತಿರ್ತಾರ, ಒಬ್ಬೊಬ್ಬನ ಕಿವ್ಯಾಗ ಒಂದೊಂದು. ಮಹಾಂತ ಅಪ್ಪಗಳು ಇದ್ದಿದ್ರ ಜೋಳಿಗಿ ಹಿಡದು ಅವರ ಮುಂದ ನಿಂದರ್ತಿದ್ರೋ ಏನೋ.

ಮೊಮ್ಮಗಳು: ಅಪ್ಪಗಳು ಜೋಳಿಗ್ಯಾಗ ಬೀಡಿ ಹಾಕು, ಗುಟಕಾ ಹಾಕು, ಸೆರೆ ಬಿಡು ಅಂದ್ರು. ಹಾಡು ಹಾಕು ಅನ್ನಲಿಲ್ಲ.

ಇಳಕಲ್ಲಿನ ಮಹಾಂತ ಸ್ವಾಮಿಗಳು ಓಣಿ ಓಣಿ ತಿರುಗಿ ಜನರ ಚಟಗಳನ್ನು ಭಿಕ್ಷೆ ಬೇಡಿದವರು. ಅವರ ಹುಟ್ಟಿದ ದಿನ ಆಗಸ್ಟ್ 1 ಈಗ ರಾಜ್ಯದಲ್ಲಿ ವ್ಯಸನಮುಕ್ತ ದಿನ. ಈ ಮನೆಯಲ್ಲಿ ಅವರ ಹೆಸರು ಹಗುರವಾಗಿ ಬರುವುದಿಲ್ಲ. ಹುಡುಗಿ ಲಾಳಿ ಕೆಳಗಿಟ್ಟು ಮಾತು ಮುಂದುವರಿಸಿದಳು.

ಮೊಮ್ಮಗಳು: ಆದ್ರೂ ಒಂದು ಹೇಳ್ತೀನಿ. ನನಗ ಹೆದರಿಕಿ ಇರೂದು ರಬಕವಿ-ಬನಹಟ್ಟಿ ಕಡೆ ಪವರ್‌ಲೂಮಿಗೆ ಹ್ವಾದ ನಮ್ಮ ಮಾಮಾಂದು. ಅಲ್ಲಿ ಮಗ್ಗದ ಸಪ್ಪಳಕ್ಕ ಮನಶಾ ಮನಶಾಗ ಸನ್ನಿ ಮಾಡಿ ಮಾತಾಡ್ಬೇಕು. ಆ ಸಪ್ಪಳ ಮುಚ್ಚಾಕ ಅಂತ ಆತ ಹಾಡಿನ ದನಿ ಪೂರ್ತಿ ಏರಿಸ್ತಾನ. ಹೊರಗಿನ ಗದ್ದಲ ಒಂದು, ಒಳಗಿನ ಗದ್ದಲ ಎರಡು. ರಾತ್ರಿ ಮಲಗಿದ್ರ ಕಿವ್ಯಾಗ ಗುಂಯ್ ಅಂತೈತೆಂತ. ಜಾಗತಿಕ ಆರೋಗ್ಯ ಸಂಸ್ಥೆ ಲೆಕ್ಕದಾಗ 80 ಡೆಸಿಬಲ್ ಹಾಡು ವಾರಕ್ಕ 40 ತಾಸು ಕೇಳಬಹುದು, 90 ಆದ್ರ ಬರೇ 4 ತಾಸು, 100 ಆದ್ರ 20 ನಿಮಿಷ. ಒಳಗಿವ್ಯಾಗ ರೋಮದಂಥಾವು ಇರ್ತಾವ. ಒಮ್ಮೆ ಸತ್ವು ಅಂದ್ರ ಮನಶಾಗ ಅವು ಮತ್ತ ಹುಟ್ಟೂದಿಲ್ಲ. ಮಾಮಾಗ ಹೇಳಿದ್ರ ‘ಕುಣಿಮಗ್ಗದವಳಿಗೆ ಇಲ್ಲಿ ಗದ್ದಲ ಏನು ಗೊತ್ತು’ ಅಂತಾನ.

ಮುತ್ಯಾ: ಆತನ ಮಾತೂ ಖರೇನ ಐತಿ.

ಮೊಮ್ಮಗಳು: ಖರೇನ ಐತಿ. ಆತಗ ಬೇಕಾಗಿದ್ದು ಸಪ್ಪಳ ತಡಿಯೂ ಬಿರಡಿ, ಹಾಡಲ್ಲ.

ಮುತ್ಯಾ ಸುಮ್ಮನಾದರು. ಒಂದು ಮಾತನ್ನು ಅಷ್ಟು ಹೊತ್ತೂ ನುಂಗುತ್ತ ಬಂದಿದ್ದರೆಂದು ತೋರುತ್ತದೆ. ಅದು ಬಂದಾಗ ಅವರ ದನಿ ತಗ್ಗಿತ್ತು.

ಮುತ್ಯಾ: ಶ್ರಾವಣದಾಗ ನಿಮ್ಮಜ್ಜಿ ಹಿತ್ತಲದಾಗ ಜಾರಿ ಬಿದ್ಲು. ಮೂರು ಸಲ ನಿನ್ನ ಹೆಸರು ಹಿಡದು ಒದರಿದ್ಲಂತ. ನಾ ಮಠಕ್ಕ ಹೋಗಿದ್ದೆ. ನೀ ಇಲ್ಲೇ ಇದ್ದಿ, ಎರಡೂ ಕಿವಿ ಮುಚಗೊಂಡು. ಬಾಜೂ ಮನಿಯಾಕಿ ಬಂದು ಎತ್ತಿದ್ಲು. ನಾ ಆವತ್ತು ಏನೂ ಅನ್ನಲಿಲ್ಲ.

ಮೊಮ್ಮಗಳು: ಅನ್ನಬೇಕಿತ್ತು. ನೀ ಅನ್ನಲಿಲ್ಲಂತನ ನನಗ ಇನ್ನೂ ನಿದ್ದಿ ಬರೂದಿಲ್ಲ.

ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಅವಳು ಹೊರಗೆ ನೋಡುತ್ತ ಮತ್ತೆ ಶುರು ಮಾಡಿದಳು.

ಮೊಮ್ಮಗಳು: ತಪ್ಪು ನಂದು. ಅದಕ ನೆವ ಹೇಳೂದಿಲ್ಲ. ಆದ್ರ ಮುತ್ಯಾ, ಅದಕ್ಕಿಂತ ಮೊದಲ ಇಪ್ಪತ್ತಾರು ವರ್ಷ ಅಜ್ಜಿ ಒದರಿದಾಗ ಓಡಿದವರು ಯಾರು? ನಮ್ಮವ್ವ. ಆಮ್ಯಾಲ ನಾ. ನೀರು ಅಂದ್ರ ನಾವು, ಗುಳಿಗಿ ಅಂದ್ರ ನಾವು. ನಿನ್ನ ಕಿವ್ಯಾಗ ಏನೂ ಇರಲಿಲ್ಲ, ಅಪ್ಪನ ಕಿವ್ಯಾಗ ಏನೂ ಇರಲಿಲ್ಲ. ನೀವು ಎಳಿ ಕಡದದ್ದು ಕೋಣಿಯಿಂದ ಕೇಳೋ ಮಂದಿ. ಅಜ್ಜಿ ಒದರೂದು ಹೆಂಗ ಕೇಳ್ತಿರಲಿಲ್ಲ?

ಮುತ್ಯಾನ ಕೈ ಹಲಗೆಯ ಮೇಲೆ ನಿಂತಿತು. ಇದಕ್ಕೆ ಉತ್ತರವಿದ್ದಿದ್ದರೆ ಅವರು ಹೇಳುತ್ತಿದ್ದರು. ಮಾತಿಗೆ ಮಾತು ಹೊಂದಿಸುವ ಜಾಯಮಾನದವರಲ್ಲ. ನನಗೂ ನನ್ನ ಮನೆ ನೆನಪಾಯಿತು. ನನ್ನ ಅವ್ವ ಕರೆಯುತ್ತಿದ್ದ ದನಿ, ಪುಸ್ತಕದಿಂದ ತಲೆಯೆತ್ತದೆ ಅಕ್ಕನಿಗೆ ಬಿಟ್ಟುಕೊಡುತ್ತಿದ್ದ ನಾನು.

ಮುತ್ಯಾ: ಕೇಳ್ತಿತ್ತು.

ಅಷ್ಟೇ ಹೇಳಿದರು. ಆಮೇಲೆ, ಇನ್ನೂ ಏನೋ ಇದೆ ಎಂಬಂತೆ ಅವಳ ಕಡೆಗೆ ತಿರುಗಿದರು. ನೆಕ್‌ಬ್ಯಾಂಡನ್ನು ಅವಳು ಮತ್ತೆ ಕೊರಳಿಗೆ ಹಾಕಿಕೊಂಡಿದ್ದಳು. ಮಾತಾಡಲೆಂದು ಅವಳೂ ಪೂರ್ತಿ ಇತ್ತ ಹೊರಳಿದ್ದರಿಂದ ಎಡತುದಿ ತೂಗುತ್ತಿದ್ದುದು ಅವರಿಗೆ ಕಂಡಿತು.

ಮುತ್ಯಾ: ಇದ್ಯಾಕ ಬಿಟ್ಟಿ? ಕೆಟ್ಟೈತೇನು?

ಮೊಮ್ಮಗಳು: ಕೆಟ್ಟಿಲ್ಲ. ಶ್ರಾವಣದಿಂದ ಎಡಗಿವಿ ಬಿಟ್ಟ ಇರ್ತೀನಿ. ಅಜ್ಜಿ ಕೋಣಿ ಎಡಕ್ಕ ಐತಿ.

ಮುತ್ಯಾ: ಹಂಗಾದ್ರ ಆ ಹಾರ್ಮೋನಿ?

ಮೊಮ್ಮಗಳು: ಅದು ಎಡಗಿವಿಗೆ ಬರತೈತಿ. ನನಗ ಕೇಳೂದಿಲ್ಲ. ತಬಲಾ ಕೇಳತೈತಿ, ಹಾಡೂ ಕೇಳತೈತಿ. ಹಾಡಿನ ಒಂದು ಮಗ್ಗಲು ಅಜ್ಜಿಗೆ ಬಿಟ್ಟೀನಿ.

ಮುತ್ಯಾ: ಒಂದು ಮಗ್ಗಲಿನ ಹಾಡು ಏನು ಹಾಡು. ತಗದರ ಇಡು, ಪೂರ್ತಿನರ ಕೇಳು.

ಮೊಮ್ಮಗಳು: ಪೂರ್ತಿ ಕೇಳಬೇಕಂದ್ರ ಎಡಕ್ಕ ಇನ್ನೊಂದು ಕಿವಿ ಬೇಕು ಮುತ್ಯಾ.

ಸಂಜೆಯ ಬಿಸಿಲು ಬಾಗಿಲಿಂದ ಹಾಸಿನ ಮೇಲೆ ಬಿದ್ದು ಎಳೆ ಎಳೆಯೂ ಬೇರೆ ಬೇರೆಯಾಗಿ ಕಾಣುತ್ತಿತ್ತು. ನಾನು ಸೀರೆಯ ಮಾತು ತೆಗೆಯಬೇಕೆಂದಿದ್ದೆ, ತೆಗೆಯಲಿಲ್ಲ. ಎರಡೂ ಮಗ್ಗ ನಿಂತಿದ್ದರಿಂದ ಮನೆಯಲ್ಲಿ ಸಪ್ಪಳವೇ ಇರಲಿಲ್ಲ. ಒಳಕೋಣೆಯಿಂದ ಅಜ್ಜಿ ಕರೆದರು. ದೊಡ್ಡ ದನಿಯೇನಲ್ಲ, ಯಾರ ಹೆಸರೂ ಹಿಡಿಯಲಿಲ್ಲ. ನೀರಿಗೋ ಏನೋ.

ಹುಡುಗಿ ಒಂದು ಕಾಲನ್ನು ಕುಣಿಯಿಂದ ಎತ್ತಿದ್ದಳು. ಮುತ್ಯಾ ಅವಳಿಗೆ ಕೂರುವಂತೆ ಕೈ ಮಾಡಿದರು. ಮಗ್ಗದ ಕಂಬ ಹಿಡಿದು, ಮೊಣಕಾಲಿನ ಮೇಲೆ ಕೈಯೂರಿ, ಮೊದಲು ಬಲಗಾಲು, ಆಮೇಲೆ ಎಡಗಾಲು ಮೇಲೆ ತಂದು, ಗೋಡೆ ಹಿಡಿದು ಒಳಗೆ ನಡೆದರು.